ಮನೆಗೆ ಗಿಡ ತರುವ ಮುಂಚೆ: ಆಕ್ಸಿಜನ್ ಮಾತು ಬಿಡಿ, ಕಿಟಕಿ ನೋಡಿ

ನರ್ಸರಿಗೆ ಹೋಗಿ "ಆರೋಗ್ಯಕ್ಕೆ ಒಳ್ಳೇದಾಗೋ ಥರ ಒಂದು ಗಿಡ ಕೊಡಿ" ಅಂತ ಕೇಳಿದರೆ ಸಾಮಾನ್ಯವಾಗಿ ಮೊದಲು ಕೈಗೆ ಬರುವುದು ಸ್ನೇಕ್ ಪ್ಲಾಂಟ್. ಅದರ ಜೊತೆ ಒಂದು ಮಾತು ಪುಕ್ಕಟೆ: "ರಾತ್ರಿನೂ ಆಕ್ಸಿಜನ್ ಬಿಡುತ್ತೆ ಸಾರ್, ಬೆಡ್‌ರೂಮಲ್ಲಿ ಇಡಿ." ಆನ್‌ಲೈನಿನಲ್ಲಿ ಅದೇ ಗಿಡಕ್ಕೆ "ಏರ್ ಪ್ಯೂರಿಫೈಯಿಂಗ್" ಅಂತ ಚೀಟಿ ಅಂಟಿಸಿ ಇನ್ನಷ್ಟು ದುಡ್ಡು ಕೇಳುತ್ತಾರೆ. ಗಿಡದ ತಪ್ಪೇನಿಲ್ಲ, ಅದು ನಿಜಕ್ಕೂ ಒಳ್ಳೆಯ ಗಿಡ. ಆದರೆ ಆ ಕಾರಣಕ್ಕೆ ಕೊಳ್ಳಬೇಡಿ.

ಗಾಳಿ ಶುದ್ಧಿಯ ಮಾತು ಇಷ್ಟು ಹಬ್ಬಿದ್ದು 1989ರ ಒಂದು ಪ್ರಯೋಗದಿಂದ. ನಾಸಾದ ವಿಜ್ಞಾನಿ ಬಿಲ್ ವೋಲ್ವರ್ಟನ್ ಮತ್ತು ಅವರ ಜೊತೆಯವರು ಗಾಳಿಯಾಡದ ಪುಟ್ಟ ಪೆಟ್ಟಿಗೆಯೊಳಗೆ ಗಿಡ ಇಟ್ಟು, ಬೆಂಜೀನ್, ಫಾರ್ಮಾಲ್ಡಿಹೈಡ್‌ನಂಥ ವಿಷದ ಅನಿಲ ಬಿಟ್ಟು, ಎಷ್ಟು ಕಡಿಮೆಯಾಗುತ್ತದೆ ಅಂತ ಅಳೆದರು. ಕಡಿಮೆಯಾಯಿತು. ಗಗನಯಾತ್ರಿಗಳಿಗೆ ಇದು ಉಪಯೋಗದ ವಿಷಯವೇ. ನಮ್ಮ ಮನೆ ಮಾತ್ರ ಮುಚ್ಚಿದ ಪೆಟ್ಟಿಗೆಯಲ್ಲ. ಬಾಗಿಲ ಸಂದಿ, ಕಿಟಕಿ, ಬಚ್ಚಲಿನ ವೆಂಟಿಲೇಟರ್ ಎಲ್ಲ ಕಡೆಯಿಂದಲೂ ಗಾಳಿ ಓಡಾಡುತ್ತಲೇ ಇರುತ್ತದೆ. 2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಇಂಥ ಹಳೆಯ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಹಾಕಿ ಲೆಕ್ಕ ಮಾಡಿದರು. ಸಹಜವಾಗಿ ಒಳಗೆ ಬಂದು ಹೋಗುವ ಗಾಳಿಯಷ್ಟು ಕೆಲಸವನ್ನು ಗಿಡಗಳು ಮಾಡಬೇಕಾದರೆ ಒಂದು ಚದರ ಮೀಟರ್ ನೆಲಕ್ಕೆ 10ರಿಂದ 1000 ಗಿಡ ಬೇಕು ಅಂತ ಬಂತು. 10 ಅಡಿಗೆ 12 ಅಡಿಯ ರೂಮು ಅಂದರೆ ಸುಮಾರು 11 ಚದರ ಮೀಟರ್. ತೀರಾ ಕಡಿಮೆ ಲೆಕ್ಕ ಹಿಡಿದರೂ 110 ಕುಂಡ. ಆಮೇಲೆ ಮಂಚ ಎಲ್ಲಿ ಹಾಕುತ್ತೀರಿ?

ರಾತ್ರಿಯ ಆಕ್ಸಿಜನ್ ವಿಷಯ ಇನ್ನೂ ತಮಾಷೆ. ಸ್ನೇಕ್ ಪ್ಲಾಂಟ್, ಲೋಳೆಸರ ಇವೆಲ್ಲ ಒಣ ಸೀಮೆಯಲ್ಲಿ ಬದುಕಲು ಕಲಿತ ಗಿಡಗಳು. ಹಗಲು ಎಲೆಯ ರಂಧ್ರ ತೆರೆದರೆ ನೀರು ಆವಿಯಾಗಿ ಹೋಗುತ್ತದೆ ಅಂತ ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ಕೂಡಿಟ್ಟುಕೊಳ್ಳುತ್ತವೆ. ಇಷ್ಟು ನಿಜ. ಆಕ್ಸಿಜನ್ ತಯಾರಾಗೋಕೆ ಮಾತ್ರ ಬೆಳಕು ಬೇಕೇ ಬೇಕು. ಲೈಟ್ ಆರಿಸಿ ಮಲಗಿದ ಮೇಲೆ ಯಾವ ಗಿಡವೂ ಆಕ್ಸಿಜನ್ ಮಾಡುವುದಿಲ್ಲ, ತುಳಸಿಯೂ ಇಲ್ಲ. ಹಾಗಂತ "ರೂಮಲ್ಲಿ ಗಿಡ ಇಟ್ಟರೆ ರಾತ್ರಿ ಉಸಿರು ಕಟ್ಟುತ್ತೆ" ಅನ್ನುವ ಹಿರಿಯರ ಹೆದರಿಕೆಗೂ ಅರ್ಥವಿಲ್ಲ. ಒಬ್ಬ ಮನುಷ್ಯ ದಿನಕ್ಕೆ ಸುಮಾರು 1 ಕಿಲೋ ಇಂಗಾಲದ ಡೈಆಕ್ಸೈಡ್ ಬಿಡುತ್ತಾನೆ, ಅದರ ಮುಂದೆ ಒಂದು ಕುಂಡದ ಗಿಡ ಬಿಡುವುದು ಲೆಕ್ಕಕ್ಕೇ ಬರುವುದಿಲ್ಲ. ಮನೆಯ ಗಾಳಿ ಚೆನ್ನಾಗಿರಬೇಕು ಅಂದರೆ ಒಗ್ಗರಣೆ ಹಾಕುವಾಗ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿ, ಊದುಬತ್ತಿ ಮತ್ತು ಸೊಳ್ಳೆ ಕಾಯಿಲ್ ಹೊಗೆ ಕಡಿಮೆ ಮಾಡಿ, ಬೆಳಿಗ್ಗೆ ಎದ್ದ ತಕ್ಷಣ ಕಿಟಕಿ ತೆರೆಯಿರಿ.

ಹಾಗಾದರೆ ಗಿಡ ಯಾಕೆ? ಕಾರಣ ಇದೆ, ಆದರೆ ಅದು ಮೂಗಿಗಿಂತ ಜಾಸ್ತಿ ಕಣ್ಣು, ಕೈ, ನಾಲಿಗೆಗೆ ಸಂಬಂಧಪಟ್ಟಿದ್ದು. 1984ರಲ್ಲಿ ರೋಜರ್ ಉಲ್ರಿಚ್ ಅನ್ನುವ ಸಂಶೋಧಕ ಅಮೆರಿಕದ ಒಂದು ಆಸ್ಪತ್ರೆಯ ದಾಖಲೆ ತೆಗೆದು ನೋಡಿದರು. ಎಲ್ಲರಿಗೂ ಆಗಿದ್ದು ಪಿತ್ತಕೋಶದ ಆಪರೇಷನ್ನೇ. ಕಿಟಕಿಯಿಂದ ಮರ ಕಾಣುತ್ತಿದ್ದ ರೋಗಿಗಳು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋಗಿದ್ದರು, ಬಲವಾದ ನೋವಿನ ಔಷಧಿಯೂ ಅವರಿಗೆ ಕಡಿಮೆ ಬೇಕಾಗಿತ್ತು. ಅಲ್ಲಿದ್ದದ್ದು ಮರ, ಕುಂಡದ ಗಿಡ ಅಲ್ಲ, ಅದು ನೆನಪಿರಲಿ. 2015ರಲ್ಲಿ ಕೊರಿಯಾದಲ್ಲಿ ಮಾಡಿದ ಪುಟ್ಟ ಅಧ್ಯಯನ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. 24 ಯುವಕರಿಗೆ ಒಮ್ಮೆ ಗಿಡದ ಕುಂಡ ಬದಲಾಯಿಸುವ ಕೆಲಸ, ಇನ್ನೊಮ್ಮೆ ಕಂಪ್ಯೂಟರ್ ಕೆಲಸ ಕೊಟ್ಟರು. ಮಣ್ಣಿನ ಕೆಲಸದ ನಂತರ ಮೈಮನಸ್ಸು ಹೆಚ್ಚು ಸಮಾಧಾನದಲ್ಲಿತ್ತು, ರಕ್ತದೊತ್ತಡದ ಕೆಳಗಿನ ಅಂಕಿಯೂ ಇಳಿದಿತ್ತು. ಗಿಡ ಮೂಲೆಯಲ್ಲಿ ಸುಮ್ನೆ ನಿಂತಿದ್ದರೆ ಸಿಗುವ ಲಾಭಕ್ಕಿಂತ ನೀವು ಅದರ ಹತ್ತಿರ ಹೋಗಿ ಏನಾದರೂ ಮಾಡಿದಾಗ ಸಿಗುವುದೇ ದೊಡ್ಡದು ಅಂತ ನನಗನ್ನಿಸುತ್ತದೆ. ಹಾಗಾಗಿ ನಿಮ್ಮ ಮನೆಯಲ್ಲಿ ಬದುಕುವ, ನಿಮ್ಮ ಕೈಗೆ ಕೆಲಸ ಕೊಡುವ, ಆದರೆ ನಿಮ್ಮ ಪ್ರಾಣ ತಿನ್ನದ ಗಿಡ ಹುಡುಕಬೇಕು.

ಮೊದಲು ಬೆಳಕು

ಗಿಡ ತರುವ ಮುಂಚೆ ಒಂದು ರಜಾದಿನ ಮನೆಯಲ್ಲಿ ಬೆಳಕು ಎಲ್ಲೆಲ್ಲಿ ಬರುತ್ತದೆ ಅಂತ ನೋಡಿ. ಮಧ್ಯಾಹ್ನದ ಹೊತ್ತು ಗಿಡ ಇಡಬೇಕೆಂದಿರುವ ಜಾಗದಲ್ಲಿ ಬಿಳಿ ಹಾಳೆ ಇಟ್ಟು ಅದರ ಮೇಲೆ ಒಂದು ಅಡಿ ಎತ್ತರದಲ್ಲಿ ಕೈ ಹಿಡಿಯಿರಿ. ನೆರಳಿನಲ್ಲಿ ಬೆರಳುಗಳು ಸ್ಪಷ್ಟವಾಗಿ ಬಿಡಿಬಿಡಿಯಾಗಿ ಕಂಡರೆ ಒಳ್ಳೆಯ ಬೆಳಕು. ಮಸುಕಾಗಿ ಕೈ ಅಂತ ಗೊತ್ತಾದರೆ ಮಧ್ಯಮ. ನೆರಳೇ ಬೀಳದಿದ್ದರೆ ಅಲ್ಲಿ ಗಿಡ ಬೇಡ, ದೇವರ ಫೋಟೋ ಹಾಕಿ.

ದಿಕ್ಕಿನ ವಿಷಯದಲ್ಲಿ ಇಂಟರ್ನೆಟ್ಟಿನ ಸಲಹೆಗಳು ಬಹಳಷ್ಟು ಅಮೆರಿಕ, ಇಂಗ್ಲೆಂಡಿನವರು ತಮ್ಮ ಮನೆ ನೋಡಿ ಬರೆದವು. ಅಲ್ಲಿ ದಕ್ಷಿಣದ ಕಿಟಕಿಗೆ ವರ್ಷವಿಡೀ ಬಿಸಿಲು. ನಮ್ಮಲ್ಲಿ ಹಾಗಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ ನಡುಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಈ ಎರಡರ ನಡುವಿನ ತಿಂಗಳುಗಳಲ್ಲಿ ಸೂರ್ಯ ಉತ್ತರದ ಕಡೆ ವಾಲಿರುತ್ತಾನೆ, ಉಳಿದ ಎಂಟು ತಿಂಗಳು ದಕ್ಷಿಣದ ಕಡೆ. ಡಿಸೆಂಬರಿನಲ್ಲಿ ಹಾಲ್ ಒಳಗೆ ತನಕ ಬಿಸಿಲು ಬರುವ ದಕ್ಷಿಣದ ಬಾಲ್ಕನಿಯಲ್ಲಿ ಜೂನ್ ಬಂದಾಗ ಒಂದು ಚೂರು ನೇರ ಬಿಸಿಲು ಇರುವುದಿಲ್ಲ, ತುಳಸಿ ಸೊರಗುತ್ತದೆ, ಮನೆಯವರು ಯಾರ ದೃಷ್ಟಿ ಬಿತ್ತೋ ಅಂತ ಯೋಚನೆ ಮಾಡುತ್ತಾರೆ. ಕುಂಡವನ್ನು ಜಾಗ ಬದಲಾಯಿಸಿದರೆ ಮುಗಿಯಿತು. ಪೂರ್ವದ ಬಾಲ್ಕನಿ ಇದ್ದವರು ಪುಣ್ಯವಂತರು, ಎಳೆಬಿಸಿಲು ಬಹಳಷ್ಟು ಗಿಡಕ್ಕೆ ಒಗ್ಗುತ್ತದೆ. ಪಶ್ಚಿಮದ್ದಾದರೆ, ಅದರಲ್ಲೂ ಕಲಬುರಗಿ, ಬಳ್ಳಾರಿ, ರಾಯಚೂರಿನ ಕಡೆ, ಏಪ್ರಿಲ್ ಮೇ ತಿಂಗಳಲ್ಲಿ ಹಸಿರು ನೆಟ್ ಕಟ್ಟದೆ ಗತಿಯಿಲ್ಲ.

ಮನೆಯಲ್ಲಿ ಯಾರಿದ್ದಾರೆ?

ಇದನ್ನು ಬಹಳ ಜನ ಕೇಳಿಕೊಳ್ಳುವುದೇ ಇಲ್ಲ. ಅಂಬೆಗಾಲಿಡುವ ಮಗು, ಬೆಕ್ಕು, ನಾಯಿ ಇದ್ದರೆ ಮನೆಯಲ್ಲಿ ಸಾಮಾನ್ಯವಾಗಿ ಇಡುವ ಗಿಡಗಳಲ್ಲಿ ಅರ್ಧಕ್ಕರ್ಧ ನೆಲದ ಮೇಲೆ ಇಡುವ ಹಾಗಿಲ್ಲ. ಮನಿ ಪ್ಲಾಂಟ್, ಪೀಸ್ ಲಿಲಿ, ಝಡ್‌ಝಡ್ ಪ್ಲಾಂಟ್, ಮಾನ್‌ಸ್ಟೆರಾ, ಕೆಸುವಿನ ಜಾತಿಯ ಎಲ್ಲ ಅಲಂಕಾರದ ಗಿಡಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಅನ್ನುವ ಸೂಜಿಯಂಥ ಹರಳು ಇರುತ್ತವೆ. ಕೆಸುವಿನ ಸೊಪ್ಪನ್ನು ಹುಣಸೆಹುಳಿ ಹಾಕದೆ ಬೇಯಿಸಿ ತಿಂದವರಿಗೆ ಆ ತುರಿಕೆ ಗೊತ್ತು. ಇವುಗಳಲ್ಲೆಲ್ಲ ಕೆಟ್ಟದ್ದು ಡೈಫನ್‌ಬೇಕಿಯಾ, ದಪ್ಪ ಕಾಂಡ, ಬಿಳಿ ಮಚ್ಚೆಯ ದೊಡ್ಡ ಎಲೆ, ಆಫೀಸುಗಳಲ್ಲಿ ಇಟ್ಟಿರುತ್ತಾರಲ್ಲ ಅದು. ಮಗು ಕಚ್ಚಿದರೆ ಬಾಯಿ ನಾಲಿಗೆ ಊದಿಕೊಂಡು ಮಾತೇ ಹೊರಡದ ಹಾಗೆ ಆಗಬಹುದು. ಮಕ್ಕಳಿರುವ ಮನೆಗೆ ಅದು ಬೇಡವೇ ಬೇಡ. ಕಣಗಿಲೆ ಮತ್ತು ಅಡೀನಿಯಂ ಹೃದಯಕ್ಕೇ ತೊಂದರೆ ಕೊಡುವ ವಿಷ. ಕಳ್ಳಿ ಜಾತಿಯ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಬೆಕ್ಕು ಇದ್ದವರು ಬೊಕೆಯಲ್ಲಿ ಬರುವ ನಿಜವಾದ ಲಿಲಿ ಹೂವನ್ನು ಮನೆಯೊಳಗೆ ತರಲೇಬೇಡಿ, ಅದರ ಪರಾಗದ ಪುಡಿ ನೆಕ್ಕಿದರೂ ಬೆಕ್ಕಿನ ಕಿಡ್ನಿ ಹೋಗಬಹುದು.

ಹೆದರಬೇಡಿ, ನಿಶ್ಚಿಂತೆಯಿಂದ ಇಡಬಹುದಾದವೂ ಇವೆ. ಅರೆಕಾ ಪಾಮ್, ಸ್ಪೈಡರ್ ಪ್ಲಾಂಟ್, ಬಾಸ್ಟನ್ ಫರ್ನ್. ಈ ಮೂರೂ ಬೆಕ್ಕು ನಾಯಿಗಳಿಗೆ ವಿಷವಲ್ಲ, ನೋಡಲೂ ತುಂಬಿಕೊಂಡಿರುತ್ತವೆ. ಸ್ಪೈಡರ್ ಪ್ಲಾಂಟ್ ಎಲೆಯ ಮೇಲೆ ಬೆಕ್ಕಿಗೆ ಯಾಕೋ ಕಣ್ಣು ಜಾಸ್ತಿ, ಸ್ವಲ್ಪ ಎತ್ತರಕ್ಕೆ ತೂಗುಹಾಕಿ.

ಆಸ್ತಮಾ, ಅಲರ್ಜಿ ಇರುವವರಿದ್ದರೆ ಗಿಡಕ್ಕಿಂತ ಕುಂಡದ ಮಣ್ಣಿನ ಮೇಲೆ ಗಮನ ಇರಲಿ. ಯಾವಾಗಲೂ ಒದ್ದೆಯಾಗಿರುವ ಮಣ್ಣಿನ ಮೇಲೆ ಬಿಳಿ ಬೂಷ್ಟು ಬರುತ್ತದೆ, ಅದೇ ತೊಂದರೆ. ಉದುರಿದ ಎಲೆ ಆಗಾಗ ತೆಗೆಯಿರಿ, ಅಗಲ ಎಲೆಗಳ ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ರಾತ್ರಿರಾಣಿಯಂಥ ಘಾಟು ವಾಸನೆಯ ಹೂವು ಮಲಗುವ ಕೋಣೆಯ ಕಿಟಕಿಯ ಹತ್ತಿರ ಬೇಡ, ಕೆಲವರಿಗೆ ತಲೆನೋವು ಗ್ಯಾರಂಟಿ.

ತಿನ್ನುವ ಗಿಡವೇ ನನ್ನ ಮೊದಲ ಆಯ್ಕೆ

ಬಾಲ್ಕನಿಯಲ್ಲಿ ಮೂರು ನಾಲ್ಕು ಗಂಟೆ ಬಿಸಿಲು ಬಂದರೆ ಅಲಂಕಾರದ ಗಿಡಕ್ಕಿಂತ ಮೊದಲು ದೊಡ್ಡಪತ್ರೆ ಹಾಕಿ. ದುಡ್ಡೂ ಬೇಡ, ಪಕ್ಕದ ಮನೆಯವರ ಹತ್ತಿರ ಒಂದು ಗೇಣು ಕಡ್ಡಿ ಕೇಳಿ ತಂದು ಮಣ್ಣಿಗೆ ಚುಚ್ಚಿದರೆ ಸಾಕು. ನೀರು ಕಡಿಮೆ ಹಾಕಿ, ತುದಿ ಚಿವುಟುತ್ತಾ ಇರಿ, ಪೊದೆಯಾಗುತ್ತದೆ. ಎಲೆಯನ್ನು ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನ ಜೊತೆ ಬಾಡಿಸಿ, ಕಾಯಿತುರಿ ಹಾಕಿ ರುಬ್ಬಿ, ಮಜ್ಜಿಗೆಗೆ ಬೆರೆಸಿದರೆ ತಂಬುಳಿ. ಮಳೆ ಬಂದ ದಿನ ಬಜ್ಜಿ. ಮಕ್ಕಳ ಕೆಮ್ಮಿಗೆ ಎಲೆ ಬಾಡಿಸಿ ರಸ ತೆಗೆದು ಜೇನುತುಪ್ಪದಲ್ಲಿ ಕೊಡುವುದು ನಮ್ಮಲ್ಲಿ ಹಳೆಯ ಪದ್ಧತಿ, ಆದರೆ ಒಂದು ವರ್ಷದ ಒಳಗಿನ ಮಗುವಿಗೆ ಜೇನುತುಪ್ಪ ಕೊಡಲೇಬಾರದು, ಅಜ್ಜಿ ಎಷ್ಟೇ ಹೇಳಿದರೂ.

ಬಿಸಿಲು ಕಡಿಮೆ, ತೇವ ಜಾಸ್ತಿ ಇರುವ ಬಾಲ್ಕನಿಯಾದರೆ ಒಂದೆಲಗ. ಕರಾವಳಿಯಲ್ಲಿ ತಿಮರೆ ಅನ್ನುತ್ತಾರೆ, ಅಲ್ಲಿಯೂ ಮಲೆನಾಡಿನಲ್ಲೂ ಇದರ ಚಟ್ನಿ, ತಂಬುಳಿ ಮಾಡದ ಮನೆ ಕಡಿಮೆ. ಆಳದ ಕುಂಡ ಬೇಡ, ಅಗಲವಾದ ಬೇಸಿನ್‌ನಂಥದ್ದು ಸಾಕು, ಬಳ್ಳಿ ಹಬ್ಬಿಕೊಂಡು ಹೋಗುತ್ತದೆ. ಚರಂಡಿ ಪಕ್ಕದಲ್ಲಿ ಬೆಳೆದದ್ದನ್ನು ಕಿತ್ತು ತರುವುದಕ್ಕಿಂತ ಮನೆಯಲ್ಲಿ ಬೆಳೆದದ್ದು ಎಷ್ಟೋ ವಾಸಿ. ನೆರಳಿನ ಜಾಗಕ್ಕೆ ಇನ್ನೊಂದು ಒಳ್ಳೆಯ ಬಳ್ಳಿ ವೀಳ್ಯದೆಲೆ. ಒಂದು ಕೋಲು ಅಥವಾ ಕಿಟಕಿ ಗ್ರಿಲ್ ಕೊಡಿ, ಎಲೆಗೆ ನೀರು ಚಿಮುಕಿಸಿ. ಮನಿ ಪ್ಲಾಂಟಿನಷ್ಟೇ ಚಂದ, ಹಬ್ಬದ ದಿನ ಮಾರ್ಕೆಟ್ಟಿಗೆ ಓಡುವುದೂ ತಪ್ಪುತ್ತದೆ.

ಕರಿಬೇವಿಗೆ ಚೆನ್ನಾಗಿ ಬಿಸಿಲು ಮತ್ತು ಕನಿಷ್ಠ 12 ಇಂಚಿನ ಕುಂಡ ಬೇಕು. ಎಲೆ ಎಲೆ ಬಿಡಿಸಬೇಡಿ, ಕಡ್ಡಿಯ ತುದಿಯನ್ನೇ ಮುರಿಯಿರಿ, ಎರಡು ಕವಲು ಬರುತ್ತದೆ. ಮಜ್ಜಿಗೆ ಹುಲ್ಲು ಟೀಗೆ, ಕಷಾಯಕ್ಕೆ. ಪುದೀನ ಸಂತೆಯಿಂದ ತಂದ ಕಟ್ಟಿನ ದಂಟನ್ನೇ ನೆಟ್ಟರೆ ಬರುತ್ತದೆ. ಬಿಸಿಲೇ ಇಲ್ಲದ ಫ್ಲಾಟಿನವರು ಅಡುಗೆಮನೆ ಕಿಟಕಿಯಲ್ಲಿ ಒಂದು ಟ್ರೇಗೆ ಡಬ್ಬಿಯಲ್ಲಿರುವ ಮೆಂತ್ಯವನ್ನೇ ನೆನೆಸಿ ಚೆಲ್ಲಿ, ಎರಡು ವಾರದೊಳಗೆ ಪುಟ್ಟ ಸೊಪ್ಪು ಕತ್ತರಿಸಿ ಕೋಸಂಬರಿಗೆ ಹಾಕಬಹುದು. ಮನೆಯಲ್ಲಿ ಬೇಸರದಲ್ಲಿ ಕೂತಿರುವ ವಯಸ್ಸಾದವರಿಗೆ, ಮೊಬೈಲ್ ಬಿಡದ ಮಕ್ಕಳಿಗೆ ಈ ಟ್ರೇ ಒಪ್ಪಿಸಿ ನೋಡಿ. ದಿನಾ ಬೆಳಿಗ್ಗೆ ಬದಲಾವಣೆ ಕಣ್ಣಿಗೆ ಕಾಣುತ್ತದೆ, ಹಾಗಾಗಿ ಆಸಕ್ತಿ ಉಳಿಯುತ್ತದೆ.

ಔಷಧಿ ಗಿಡ ಅಂತ ಹೆಸರಾದವುಗಳ ಬಗ್ಗೆ ಸ್ವಲ್ಪ ಎಚ್ಚರ. ಲೋಳೆಸರ ಸಣ್ಣ ಸುಟ್ಟ ಗಾಯಕ್ಕೆ, ಬಿಸಿಲಿಗೆ ಕೆಂಪಾದ ಚರ್ಮಕ್ಕೆ ಹಚ್ಚಲು ಚೆನ್ನ. ಎಲೆ ಕೊಯ್ದ ಮೇಲೆ ಸ್ವಲ್ಪ ಹೊತ್ತು ನಿಲ್ಲಿಸಿ ಹಳದಿ ರಸ ಇಳಿಯಲು ಬಿಡಿ, ಅದು ಹೊಟ್ಟೆಗೆ ಹೋದರೆ ಭೇದಿ. ಬಸುರಿಯರು ಲೋಳೆಸರದ ಜ್ಯೂಸ್ ತಂಟೆಗೆ ಹೋಗುವುದೇ ಬೇಡ. ಅಮೃತಬಳ್ಳಿಯನ್ನು ಕೋವಿಡ್ ಕಾಲದಲ್ಲಿ ಎಲ್ಲರೂ ಕಷಾಯ ಮಾಡಿ ಕುಡಿದರು, ಕೆಲವರಿಗೆ ಲಿವರ್ ತೊಂದರೆಯಾದದ್ದನ್ನು ಮುಂಬೈನ ವೈದ್ಯರು ವರದಿ ಮಾಡಿದರು. ಊಟದಲ್ಲಿ ಅಪರೂಪಕ್ಕೆ ಬಳಸುವುದು ಬೇರೆ, ದಿನಾ ಲೋಟಗಟ್ಟಲೆ ಕುಡಿಯುವುದು ಬೇರೆ. ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಿಯೇ ಶುರುಮಾಡಿ.

ಒಳಗೆ ಇಡೋಕೆ

ಕಿಟಕಿಯಿಂದ ದೂರದ ಮಧ್ಯಮ ಬೆಳಕಿಗೆ ಸ್ನೇಕ್ ಪ್ಲಾಂಟ್ ಮತ್ತು ಝಡ್‌ಝಡ್. ನೀರು ಹಾಕಲು ಮರೆಯುವವರಿಗೆ, ಊರೂರು ಸುತ್ತುವವರಿಗೆ ಇವೇ ಸರಿ. ಝಡ್‌ಝಡ್ ಬುಡದಲ್ಲಿ ಗೆಡ್ಡೆ ಇದೆ, ನೀರು ಅದರಲ್ಲೇ ಕೂಡಿಟ್ಟುಕೊಳ್ಳುತ್ತದೆ. ಎರಡು ಮೂರು ವಾರಕ್ಕೊಮ್ಮೆ ನೀರು ಸಾಕು. ಇದಕ್ಕೆ ವಿರುದ್ಧ ಸ್ವಭಾವ ಪೀಸ್ ಲಿಲಿಯದ್ದು. ಬಾಯಾರಿದರೆ ಎಲೆಯನ್ನೆಲ್ಲ ಜೋತುಬಿಟ್ಟು ಮುನಿಸಿಕೊಂಡ ಮಗುವಿನ ಹಾಗೆ ಕೂರುತ್ತದೆ, ನೀರು ಕೊಟ್ಟರೆ ಕೆಲವೇ ಗಂಟೆಯಲ್ಲಿ ಎದ್ದು ನಿಲ್ಲುತ್ತದೆ. ದಿನಾ ಗಿಡದ ಹತ್ತಿರ ಮಾತಾಡುವ ಅಭ್ಯಾಸ ಇರುವವರಿಗೆ ಇದೇ ಒಳ್ಳೆಯ ಜೊತೆ. ಮನಿ ಪ್ಲಾಂಟಿನ ಬಗ್ಗೆ ಹೇಳುವುದೇನಿದೆ, ಎಲ್ಲಿಟ್ಟರೂ ಬೆಳೆಯುತ್ತದೆ. ಯಾವ ದಿಕ್ಕಿಗಿಟ್ಟರೆ ದುಡ್ಡು ಬರುತ್ತದೆ ಅನ್ನುವುದನ್ನು ನಿಮ್ಮ ವಾಸ್ತುವಿನವರಿಗೆ ಬಿಟ್ಟೆ.

ದಿನದಲ್ಲಿ ಹೆಚ್ಚು ಹೊತ್ತು ನಿಮ್ಮ ಕಣ್ಣು ಎಲ್ಲಿ ಬೀಳುತ್ತದೋ ಅಲ್ಲಿ ಗಿಡ ಇಡಿ. ವರ್ಕ್ ಫ್ರಮ್ ಹೋಮ್ ಮಾಡುವವರಾದರೆ ಲ್ಯಾಪ್‌ಟಾಪಿನ ಪಕ್ಕ, ಅಡುಗೆಯವರಾದರೆ ಸಿಂಕಿನ ಮೇಲಿನ ಕಿಟಕಿ, ಹಾಸಿಗೆ ಹಿಡಿದವರಿದ್ದರೆ ಅವರಿಗೆ ಮಲಗಿದಲ್ಲಿಂದ ಕಾಣುವ ಜಾಗ. ಬಂದವರು ನೋಡಲಿ ಅಂತ ಟಿವಿ ಪಕ್ಕ ಇಟ್ಟದ್ದು ಬಂದವರಿಗೇ ಆಯಿತು.

ಸೊಳ್ಳೆ

ಆರೋಗ್ಯಕ್ಕೆ ಅಂತ ತಂದ ಗಿಡ ಡೆಂಗಿ ತಂದರೆ? ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬೇಕಾದ್ದು ಮನೆಯ ಸುತ್ತಮುತ್ತ ನಿಂತ ತಿಳಿನೀರು. ಕುಂಡದ ಕೆಳಗಿನ ತಟ್ಟೆ, ಬಾಟಲಿಯಲ್ಲಿಟ್ಟ ಮನಿ ಪ್ಲಾಂಟ್, ಲಕ್ಕಿ ಬ್ಯಾಂಬೂ ಗಾಜಿನ ಪಾತ್ರೆ, ಎಲ್ಲವೂ ಅದಕ್ಕೆ ಹೆರಿಗೆ ಮನೆ. 2001ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹಡಗಿನಲ್ಲಿ ಬಂದ ಲಕ್ಕಿ ಬ್ಯಾಂಬೂ ಜೊತೆ ಇದೇ ಈಡಿಸ್ ಜಾತಿಯ ಏಷ್ಯಾದ ಹುಲಿಸೊಳ್ಳೆಯೂ ಬಂದು ಇಳಿದಿತ್ತು! ಮೊಟ್ಟೆಯಿಂದ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು, ಆದ್ದರಿಂದ ವಾರಕ್ಕೊಮ್ಮೆ ತಪ್ಪದೆ ನೀರು ಚೆಲ್ಲಿ. ಬರೀ ಚೆಲ್ಲಿದರೆ ಸಾಲದು, ಪಾತ್ರೆಯ ಒಳಬದಿಯನ್ನು ನಾರಿನಿಂದ ತಿಕ್ಕಿ, ಮೊಟ್ಟೆ ಅಲ್ಲಿ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ನಗರದ ಮನೆಗಳಿಗೆ 400 ರೂಪಾಯಿ ದಂಡವನ್ನೂ ಗೊತ್ತು ಮಾಡಿತು. ಕುಂಡದ ತಟ್ಟೆಗೆ ಮರಳು ತುಂಬಿಬಿಡುವುದು ಸುಲಭದ ಉಪಾಯ.

"ಸೊಳ್ಳೆ ಓಡಿಸುವ ಗಿಡ" ಅಂತ ಮಾರುವುದನ್ನು ನಂಬಬೇಡಿ. ಮಜ್ಜಿಗೆ ಹುಲ್ಲಿನಂಥವುಗಳ ಎಣ್ಣೆಗೆ ಸೊಳ್ಳೆ ದೂರ ಇಡುವ ಗುಣ ಇದೆ, ಆದರೆ ಎಲೆ ಜಜ್ಜಿದಾಗ ಮಾತ್ರ ಎಣ್ಣೆ ಹೊರಬರುತ್ತದೆ. ಕುಂಡದಲ್ಲಿ ತಣ್ಣಗೆ ನಿಂತ ಹುಲ್ಲಿನ ಮೇಲೆ ಸೊಳ್ಳೆ ಆರಾಮಾಗಿ ಕೂರುತ್ತದೆ. ಕಿಟಕಿಗೆ ಜಾಲರಿ ಹಾಕಿಸಿ.

ಮಣ್ಣು, ನೀರು, ಖರೀದಿ

ಮನೆಯ ಗಿಡ ಸಾಯುವುದು ನೀರಿಲ್ಲದೆ ಅಲ್ಲ, ನೀರು ಜಾಸ್ತಿಯಾಗಿ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ತೂರಿಸಿ, ಒಣಗಿದ್ದರೆ ಮಾತ್ರ ಹಾಕಿ. ಮಳೆಗಾಲದಲ್ಲಿ ಅರ್ಧಕ್ಕೆ ಇಳಿಸಿ. ಮಣ್ಣಿನ ಮೇಲೆ ಪುಟ್ಟ ಕಪ್ಪು ನೊಣಗಳು ಹಾರಾಡಲು ಶುರುವಾದರೆ ಅದು ನೀರು ಜಾಸ್ತಿಯಾಗಿದೆ ಅನ್ನುವ ಸೂಚನೆ, ಔಷಧಿ ಹೊಡೆಯುವ ಮುಂಚೆ ಮೇಲಿನ ಮಣ್ಣು ಒಣಗಲು ಬಿಡಿ. ಆರ್‌ಒ ಫಿಲ್ಟರಿನಿಂದ ಹೊರಗೆ ಹೋಗುವ ನೀರು ಹಾಕುವವರು ಬಹಳ ಜನ, ಅದರಲ್ಲಿ ಉಪ್ಪಿನಂಶ ಜಾಸ್ತಿ, ಅದನ್ನು ನೆಲ ಒರೆಸಲು ಬಳಸಿ. ಬೋರ್‌ವೆಲ್ಲಿನ ಗಡಸು ನೀರಿಗೂ ಸ್ಪೈಡರ್ ಪ್ಲಾಂಟಿನ ಎಲೆಯ ತುದಿ ಕಂದಾಗುತ್ತದೆ, ಮಳೆನೀರು ಹಿಡಿದಿಟ್ಟು ಹಾಕಿದರೆ ಒಳ್ಳೆಯದು, ಬಕೆಟ್ ಮುಚ್ಚಿರಲಿ. ಬರೀ ಕೆಮ್ಮಣ್ಣು ಕುಂಡದಲ್ಲಿ ಗಟ್ಟಿಯಾಗಿಬಿಡುತ್ತದೆ. ಕೆಮ್ಮಣ್ಣು, ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ ಸಮಸಮ ಸೇರಿಸಿ ಒಂದು ಹಿಡಿ ಬೇವಿನ ಹಿಂಡಿ ಹಾಕಿ. ಬಿಳಿ ಹತ್ತಿಯಂಥ ಹಿಟ್ಟು ತಿಗಣೆ ಬಂದರೆ ಲೀಟರ್ ನೀರಿಗೆ 5 ಎಂಎಲ್ ಬೇವಿನ ಎಣ್ಣೆ, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ.

ಬೆಂಗಳೂರಿನವರಾದರೆ ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿಗಳಲ್ಲಿ ಒಂದು ಸುತ್ತು ಹಾಕಿ, ಜನವರಿ ಮತ್ತು ಆಗಸ್ಟಿನ ಫ್ಲವರ್ ಶೋ ಹೊತ್ತಿನಲ್ಲೂ ಗಿಡ ಸಿಗುತ್ತದೆ, ಗದ್ದಲ ಸಹಿಸುವ ತಾಳ್ಮೆ ಇದ್ದರೆ. ಹೂವು ಬಿಟ್ಟ ಗಿಡಕ್ಕಿಂತ ಹೊಸ ಚಿಗುರು ಇರುವ ಗಿಡ ಆರಿಸಿ. ಎಲೆ ತಿರುಗಿಸಿ ಹಿಂಬದಿ ನೋಡಿ, ಹುಳ ಅಡಗುವುದು ಅಲ್ಲೇ. ಕುಂಡದ ತೂತಿನಿಂದ ಬೇರು ಸುರುಳಿ ಸುರುಳಿ ಹೊರಬಂದಿದ್ದರೆ ಅದು ಬಹಳ ದಿನದಿಂದ ಅಲ್ಲೇ ಬಿದ್ದಿರುವ ಗಿಡ. ಮನೆಗೆ ತಂದ ಮೇಲೆ ಎರಡು ವಾರ ಬೇರೆ ಗಿಡಗಳಿಂದ ದೂರ ಇಡಿ. ಒಂದೇ ಸಲ ಹತ್ತು ತರಬೇಡಿ, ಒಂದು ತಿನ್ನುವುದು, ಒಂದು ನೋಡುವುದು, ಅಷ್ಟು ಸಾಕು. ಅವು ಒಂದು ಬೇಸಿಗೆ ಕಳೆದ ಮೇಲೆ ಮುಂದಿನದ್ದು. ಕಡ್ಡಿ ನೆಡಲು ಜೂನ್ ಜುಲೈ ಒಳ್ಳೆಯ ಕಾಲ.

ಹಬ್ಬಕ್ಕೆ ಊರಿಗೆ ಹೋಗುವಾಗ ಎಲ್ಲ ಕುಂಡಗಳನ್ನೂ ಬಿಸಿಲಿನಿಂದ ಒಳಗೆ ಎಳೆದು ಒಟ್ಟಿಗೆ ಗುಂಪಾಗಿ ಇಟ್ಟು, ಚೆನ್ನಾಗಿ ನೀರುಣಿಸಿ ಹೊರಡಿ, ಒಂದು ವಾರ ತಡೆಯುತ್ತವೆ. ಅದಕ್ಕಿಂತ ಜಾಸ್ತಿ ದಿನವಾದರೆ ಪಕ್ಕದ ಮನೆಯ ಆಂಟಿಗೆ ಕೀ ಕೊಡಿ, ಆದರೆ ಸ್ನೇಕ್ ಪ್ಲಾಂಟ್ ಮತ್ತು ಝಡ್‌ಝಡ್ ಮೇಲೆ "ಇದಕ್ಕೆ ನೀರು ಬೇಡ" ಅಂತ ದೊಡ್ಡಕ್ಷರದಲ್ಲಿ ಬರೆದು ಅಂಟಿಸಿ ಹೋಗಿ. ಇಲ್ಲದಿದ್ದರೆ ಪಾಪ, ಅವರು ಪ್ರೀತಿಯಿಂದ ದಿನಾ ಒಂದೊಂದು ಚೊಂಬು ಹಾಕಿರುತ್ತಾರೆ.